ಕೈ ಕೇಳುವ ಊರು

ಆ ಊರಿನಲ್ಲಿ ಯಾರೂ ಯಾರನ್ನೂ ‘ಹೇಗಿದ್ದೀಯ?’ ಅಂತ ಕೇಳುವ ಹಾಗಿರಲಿಲ್ಲ. ಗಂಡ ಹೆಂಡತಿಯನ್ನು ಕೇಳುವ ಹಾಗಿರಲಿಲ್ಲ, ತಾಯಿ ಮಗಳನ್ನು ಕೇಳುವ ಹಾಗಿರಲಿಲ್ಲ, ದಾರಿಯಲ್ಲಿ ಎದುರಾದ ನೆಂಟನನ್ನಂತೂ ಕೇಳುವ ಮಾತೇ ಇಲ್ಲ. ಊರು ಎಲ್ಲಿತ್ತು ಅಂತ ನನ್ನನ್ನು ಪೀಡಿಸಬೇಡಿ. ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಕೆರೆ, ನಡುವೆ ನಾಲ್ಕು ಬೀದಿ. ಊರು ಅನ್ನಿಸಿಕೊಳ್ಳಲು ಇನ್ನೇನು ಬೇಕು?

ಆ ನಿಯಮಕ್ಕೂ ಒಂದು ಕಾರಣ ಹೇಳುತ್ತಿದ್ದರು. ಹಿಂದೆ ಯಾವುದೋ ಕಾಲದಲ್ಲಿ ಊರಿನ ಹಿರಿಯನೊಬ್ಬನನ್ನು ಬೆಳಗ್ಗೆ ಎಲ್ಲರೂ ‘ಹೇಗಿದ್ದೀರಿ?’ ಅಂತ ಕೇಳಿದರಂತೆ. ‘ನನಗೇನಪ್ಪ, ಗುಂಡುಕಲ್ಲು’ ಅಂದನಂತೆ. ಮಧ್ಯಾಹ್ನದ ಊಟಕ್ಕೆ ಆತ ಇಲ್ಲ. ಊರು ಅತ್ತಿತು, ಅತ್ತಾದ ಮೇಲೆ ಸಿಟ್ಟಾಯಿತು. ಬಾಯಿ ಸುಳ್ಳು ಹೇಳುತ್ತೆ, ಕೈ ಹೇಳುವುದಿಲ್ಲ ಅಂತ ತೀರ್ಮಾನ ಮಾಡಿತು. ಅಂದಿನಿಂದ ಎಲ್ಲರ ಮಣಿಕಟ್ಟಿಗೂ ಒಂದೊಂದು ಗಡಿಯಾರ. ಹೆಸರಿಗೆ ಗಡಿಯಾರ ಅಷ್ಟೇ, ಹೊತ್ತು ನೋಡಲಿಕ್ಕೆ ಅದನ್ನು ಯಾರೂ ಕಟ್ಟಿಕೊಂಡವರಲ್ಲ. ಕಟ್ಟಿಕೊಂಡವನು ಎಷ್ಟು ನಡೆದ, ಎಷ್ಟು ಮಲಗಿದ, ಅವನ ಎದೆ ಹೇಗೆ ಬಡಿಯಿತು ಅನ್ನುವುದನ್ನು ಅದು ತನ್ನ ಗಾಜಿನ ಮುಖದ ಮೇಲೆ ಬೆಳಕಿನಲ್ಲಿ ಬರೆಯುತ್ತಿತ್ತು.

ದಿನಾ ಹೊತ್ತು ಇಳಿಯುವಾಗ ಸಾರುವವನು ಬರುತ್ತಿದ್ದ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಜನ ಹೊಸ್ತಿಲಲ್ಲಿ ನಿಂತು ಕೈ ಚಾಚುತ್ತಿದ್ದರು. ಅವನು ಒಂದೊಂದೇ ಕೈ ಹಿಡಿದು, ಗಾಜು ನೋಡಿ, ಗುಡ್ಡಕ್ಕೆ ಕೇಳುವ ಹಾಗೆ ಸಾರುತ್ತಿದ್ದ: ‘ನಡೆದಿದ್ದಾನೆ, ಸುಖವಾಗಿದ್ದಾನೆ.’ ‘ಮಲಗಿಲ್ಲ, ಬಳಲಿದ್ದಾಳೆ.’ ‘ಕುಳಿತಿದ್ದಾನೆ.’ ಬಳಲಿದ್ದಾಳೆ ಅಂದರೆ ಮದ್ದಿನಜ್ಜಿ ಆ ಮನೆಗೆ ಬರುತ್ತಿದ್ದಳು. ಕುಳಿತಿದ್ದಾನೆ ಅಂದರೆ ಅವನು ಆಗಿಂದಾಗಲೇ ಎದ್ದು ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ ಬರಬೇಕು. ಗಡಿಯಾರ ಇಲ್ಲದ ಕೈಗೆ ಮೂಗ ಕೈ ಅನ್ನುತ್ತಿದ್ದರು. ಅದರ ಮುಂದೆ ಸಾರುವವನು ನಿಲ್ಲುತ್ತಲೇ ಇರಲಿಲ್ಲ. ಮೂಗ ಕೈಯವನು ಸುಖವಾಗಿಯೂ ಇಲ್ಲ, ಬಳಲಿಯೂ ಇಲ್ಲ. ಅಂಥವನ ಮನೆಗೆ ಅಜ್ಜಿ ಕಾಲಿಡುವ ಹಾಗಿರಲಿಲ್ಲ.

ಈ ಊರಿನಲ್ಲಿ ಒಬ್ಬ ನೀರಿನವಳಿದ್ದಳು. ಕೆರೆಯಿಂದ ಕೊಡ ತುಂಬಿ, ತಲೆಯ ಮೇಲೆ ಹೊತ್ತು, ಗುಡ್ಡದ ಮೇಲಿನ ಮನೆಗಳಿಗೆ ನೀರು ಹಾಕುವುದು ಅವಳ ಕೆಲಸ. ಹತ್ತುವುದು, ಇಳಿಯುವುದು, ತುಂಬುವುದು, ಮತ್ತೆ ಹತ್ತುವುದು. ಅವಳ ಗಂಡ ತೊಟ್ಟಿಲವನು. ತಾಯಂದಿರು ಕೆಲಸಕ್ಕೆ ಹೋಗುವಾಗ ಕೂಸುಗಳನ್ನು ತೊಟ್ಟಿಲ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಉದ್ದನೆಯ ಪಡಸಾಲೆ, ಸಾಲಾಗಿ ತೊಟ್ಟಿಲುಗಳು, ಎಲ್ಲಕ್ಕೂ ಸೇರಿ ಒಂದೇ ಹಗ್ಗ. ತೊಟ್ಟಿಲವನು ಗೋಡೆಗೆ ಒರಗಿ ಕುಳಿತು ಬೆಳಗಿನಿಂದ ಸಂಜೆಯವರೆಗೆ ಆ ಹಗ್ಗ ಎಳೆಯುತ್ತಿದ್ದ. ಎಳೆದರೆ ಎಲ್ಲ ತೊಟ್ಟಿಲೂ ಬರುತ್ತಿದ್ದವು, ಬಿಟ್ಟರೆ ಎಲ್ಲ ತೊಟ್ಟಿಲೂ ಹೋಗುತ್ತಿದ್ದವು.

ಒಂದು ಸಂಜೆ ಸಾರುವವನು ತೊಟ್ಟಿಲವನ ಕೈ ಹಿಡಿದು, ಗಾಜು ನೋಡಿ, ‘ಎದೆ ತಡವರಿಸುತ್ತಿದೆ, ಬಳಲಿದ್ದಾನೆ’ ಅಂದ. ಮದ್ದಿನಜ್ಜಿ ಬಂದಳು. ಅವಳೂ ಗಾಜು ನೋಡಿದಳು. ‘ಕೂತು ಕೂತು ಹೀಗಾಗಿದೆ ತಾಯಿ. ಇವನನ್ನು ನಡೆಸು. ದಿನಾ ನಡೆಸು. ನಡೆದಿದ್ದಾನೆ ಅಂತ ಗಡಿಯಾರ ಹೇಳೋವರೆಗೂ ಬಿಡಬೇಡ. ಇಲ್ಲದಿದ್ದರೆ ನಿನ್ನ ಕುಂಕುಮಕ್ಕೆ ನಾನು ಹೊಣೆಯಲ್ಲ’ ಅಂದು ಹೋದಳು. ಅದರ ಮಾರನೆಯ ದಿನವೇ, ಗ್ರಹಚಾರ ನೋಡಿ, ಗಂಡನ ಹಳೆಯ ಗಡಿಯಾರದ ಬೆಳಕು ಆರಿಹೋಯಿತು. ಉಜ್ಜಿದಳು, ಊದಿದಳು, ಬಿಸಿಲಿಗೆ ಇಟ್ಟಳು. ಏನು ಮಾಡಿದರೂ ಅದು ಕಣ್ಣು ಬಿಡಲಿಲ್ಲ.

ನೀರಿನವಳು ಸೆರಗಿನಲ್ಲಿ ಇದ್ದಷ್ಟು ಗಂಟು ಕಟ್ಟಿಕೊಂಡು ಅಂಗಡಿಗೆ ಓಡಿದಳು. ಗೋಡೆಯ ತುಂಬ ಗಡಿಯಾರಗಳು ನೇತಾಡುತ್ತಿದ್ದವು, ಒಂದೊಂದೂ ಕಣ್ಣು ಮಿಟುಕಿಸಿ ಕರೆಯುತ್ತಿತ್ತು. ಅಂಗಡಿಯವಳದು ಬಾಯಿ ಜೋರು, ಆದರೆ ಮನಸ್ಸಿನಲ್ಲಿ ಮೋಸವಿರಲಿಲ್ಲ.

‘ಯಾರಿಗಮ್ಮ?’

‘ನಮ್ಮ ಮನೆಯವರಿಗೆ.’

‘ಹಾಗಾದರೆ ಇದನ್ನು ನೋಡು.’ ಕೊಳದ ನೀರಿನ ಹಾಗೆ ಕಪ್ಪಗಿದ್ದ ಒಂದು ಗಾಜನ್ನು ಇಳಿಸಿದಳು. ‘ನಡಿಗೆ ಹೇಳುತ್ತೆ, ನಿದ್ದೆ ಹೇಳುತ್ತೆ, ರಕ್ತದಲ್ಲಿ ಗಾಳಿ ಎಷ್ಟಿದೆ ಅಂತ ಹೇಳುತ್ತೆ, ನಾಳೆ ಮಳೆ ಬರುತ್ತಾ ಇಲ್ಲವಾ ಹೇಳುತ್ತೆ. ದಾರಿ ತಪ್ಪಿದರೆ ಕೈ ಹಿಡಿದು ಮನೆಗೆ ಕರೆದುಕೊಂಡು ಬರುತ್ತೆ.’

‘ತೊಟ್ಟಿಲ ಮನೆ ಬಿಟ್ಟು ಎಲ್ಲೂ ಹೋಗದವರು ದಾರಿ ಎಲ್ಲಿ ತಪ್ಪುತ್ತಾರಕ್ಕ?’

‘ಅದೂ ಸರಿ. ಜತೆಗೆ ಇದಕ್ಕೆ ಹೊಟ್ಟೆಬಾಕತನ. ದಿನಾ ದೀಪದ ಪಕ್ಕ ಮಲಗಿಸಿ ಬೆಳಕು ಕುಡಿಸಬೇಕು. ಒಂದು ದಿನ ಮರೆತರೆ ಕಣ್ಣು ಮುಚ್ಚಿಬಿಡುತ್ತೆ.’

‘ನಮ್ಮ ಮನೆ ದೀಪದಲ್ಲಿ ಅಷ್ಟು ಎಣ್ಣೆ ಇಲ್ಲ. ಅಲ್ಲಿ ಹೊಳೀತಿದೆಯಲ್ಲ, ಬಂಗಾರದ ಪಟ್ಟಿಯದು, ಅದು?’

‘ಥೂ, ಅದನ್ನು ಮುಟ್ಟಬೇಡ. ಹೊಳಪೆಲ್ಲ ಮೇಲೆ, ಒಳಗೆ ಬರೀ ಟೊಳ್ಳು. ಗೋಡೆಗೆ ಕಟ್ಟಿದರೂ ಎದೆ ಬಡೀತಿದೆ ಅನ್ನುತ್ತೆ. ಮದುವೆಗೆ ಉಡುಗೊರೆ ಕೊಡುವವರು ಬರುತ್ತಾರೆ ಅಂತ ಇಟ್ಟಿದ್ದೀನಿ ಅಷ್ಟೇ.’ ಅಂಗಡಿಯವಳು ಬಗ್ಗಿ, ಕೆಳಗಿನ ಬುಟ್ಟಿಯಿಂದ ಬೂದಿ ಬಣ್ಣದ ಒಂದು ಚಿಕ್ಕ ಗಡಿಯಾರ ತೆಗೆದಳು. ‘ಇದು ಬಡವರ ಬಂಧು. ನಡಿಗೆ, ನಿದ್ದೆ, ಎದೆಬಡಿತ, ಮೂರೇ ಇದರ ವಿದ್ಯೆ. ನೀರು ಬಿದ್ದರೆ ಸಾಯಲ್ಲ. ಒಂದು ಸಲ ಬೆಳಕು ಕುಡಿದರೆ ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ ಎಚ್ಚರವಾಗಿರುತ್ತೆ. ಪಟ್ಟಿ ಬಟ್ಟೆಯದು, ಚರ್ಮ ಕೆರೆಯಲ್ಲ. ಎದೆಬಡಿತ ಮಾತ್ರ ಅಂದಾಜಿಗೆ ಹೇಳೋದು, ಅಜ್ಜಿ ಕಿವಿಯಿಟ್ಟು ಕೇಳಿದ ಹಾಗಲ್ಲ. ಮೊದಲೇ ಹೇಳಿದ್ದೀನಿ, ಆಮೇಲೆ ನನ್ನ ಮೇಲೆ ಹರಿಹಾಯಬೇಡ.’

ನೀರಿನವಳು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಗಂಡ ನಡೆಯಬೇಕು, ನಡೆದದ್ದನ್ನು ಅದು ಹೇಳಬೇಕು. ಅವಳಿಗೆ ಬೇಕಾದದ್ದು ಇಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡವರು ಸುಮ್ಮನೆ ಹೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಅವಳು ತಪ್ಪು ಆರಿಸಿದಳು ಅಂತ ನಾನು ಹೇಳಲಾರೆ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ತರುತ್ತಿದ್ದೆ.

ತಪ್ಪಾದದ್ದು ಮನೆಗೆ ಬಂದ ಮೇಲೆ. ಹಳೆಯ ಗಡಿಯಾರದ ಪಟ್ಟಿ ತೊಟ್ಟಿಲವನ ಎಡಗೈಯನ್ನು ಕಡಿದು ಗಾಯ ಮಾಡಿತ್ತು. ‘ಈ ಕೈ ಸ್ವಲ್ಪ ದಿನ ಆರಲಿ ರೀ’ ಅಂದು ಅವಳು ಹೊಸದನ್ನು ಬಲಗೈಗೆ ಕಟ್ಟಿದಳು. ಹಗ್ಗ ಎಳೆಯುವ ಕೈ ಅದು. ಪ್ರೀತಿಯಿಂದಲೇ ಕಟ್ಟಿದಳು, ಪಾಪ.

ಮಾರನೆಯ ಸಂಜೆ ಸಾರುವವನು ಆ ಗಾಜು ನೋಡಿ ಕಣ್ಣರಳಿಸಿದ. ‘ತೊಟ್ಟಿಲವನು ಗುಡ್ಡ ಹತ್ತಿ ಇಳಿದಿದ್ದಾನೆ! ಮತ್ತೆ ಹತ್ತಿ ಇಳಿದಿದ್ದಾನೆ! ಸುಖವಾಗಿದ್ದಾನೆ!’ ಬೀದಿಯೆಲ್ಲ ಅಬ್ಬಾ ಅಂದಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲಿಲ್ಲ ಹೇಳಿ? ಹಾಗಂತ ನಗಬೇಡಿ, ಬೀದಿಯವರು ನಂಬಿದ್ದು ದೊಡ್ಡದಲ್ಲ. ತೊಟ್ಟಿಲವನೂ ನಂಬಿದ. ಬೆಳಗಿನಿಂದ ಗೋಡೆಗೆ ಒರಗಿ ಕೂತಲ್ಲಿಂದ ಕದಲದವನು, ‘ಹೌದಲ್ಲ, ಕಾಲು ಸೋತಿವೆ’ ಅಂದುಕೊಂಡ. ಬಾಯಿ ಸುಳ್ಳು ಹೇಳುತ್ತೆ, ಕೈ ಹೇಳುವುದಿಲ್ಲ ಅಂತ ಎದೆಹಾಲಿನ ಜತೆಗೇ ಕುಡಿದು ಬೆಳೆದವನು ಅವನು. ಇನ್ನು ನಡೆಯುವುದೇನಿದೆ? ಬೆಳಗಿನ ನಡಿಗೆಗೆ ಅವಳು ಕರೆದರೆ, ‘ನಿನ್ನೆಯಷ್ಟೇ ಗುಡ್ಡ ಹತ್ತಿದ್ದೀನಲ್ಲೇ’ ಅನ್ನುತ್ತಿದ್ದ.

ಅವನ ಪಾದ ಊದಿದವು. ತುಂಬ ನಡೆದದ್ದಕ್ಕೆ ಅಂದುಕೊಂಡರು. ಉಸಿರು ಮೇಲೆ ಬಂತು. ಗುಡ್ಡ ಹತ್ತಿದವನಿಗೆ ಏದುಸಿರು ಬಾರದೆ ಇರುತ್ತದೆಯೇ ಅಂದುಕೊಂಡರು. ಗಡಿಯಾರವೂ ಎದೆಬಡಿತ ಜೋರಾಗಿದೆ ಅಂತ ಬರೆಯುತ್ತಿತ್ತು, ನಡೆದಿದ್ದಾನಲ್ಲ, ಅದಕ್ಕೇ ಇರಬೇಕು ಅಂತ ತಾನೇ ಸಮಾಧಾನವನ್ನೂ ಬರೆಯುತ್ತಿತ್ತು. ದಿನಾ ಸಂಜೆ ‘ಸುಖವಾಗಿದ್ದಾನೆ’ ಅನ್ನುವ ಮಾತು ಕೇಳಿ ನೀರಿನವಳು ದೇವರಿಗೆ ದೀಪ ಹಚ್ಚುತ್ತಿದ್ದಳು.

ಅವಳ ಕೈ ಹಿಡಿದಾಗ ಸಾರುವವನು ಹೇಳುತ್ತಿದ್ದದ್ದು ಬೇರೆ: ‘ಕುಳಿತಿದ್ದಾಳೆ.’ ಮದುವೆಯಾಗಿ ಬಂದ ದಿನದಿಂದಲೂ ಅದೇ. ತಲೆಯ ಮೇಲಿನ ಕೊಡವನ್ನು ಎರಡೂ ಕೈಯಲ್ಲಿ ಹಿಡಿದು ಗುಡ್ಡ ಹತ್ತಿದವಳು, ಇಳಿದವಳು, ಬೀದಿಯವರ ಮುಂದೆ ತಲೆ ತಗ್ಗಿಸಿ ಕೆರೆ ಏರಿಯ ಮೇಲೆ ಸುತ್ತು ಹಾಕಲು ಹೋಗುತ್ತಿದ್ದಳು. ನಾನೇ ಸೋಮಾರಿ ಇರಬೇಕು ಅಂತ ಅವಳೂ ಒಪ್ಪಿಕೊಂಡುಬಿಟ್ಟಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತೇವೆ ನಾವು. ಆ ಊರಿನಲ್ಲಿ ಬೇಕಾಗಿತ್ತು.

ಒಂದು ಬೆಳಗ್ಗೆ ತೊಟ್ಟಿಲ ಮನೆಯ ಹಂಡೆಗೆ ನೀರು ಹಾಕಲು ಅವಳು ಹೋದಳು. ಗಂಡ ಗೋಡೆಗೆ ಒರಗಿ ಕುಳಿತಿದ್ದ, ಕಣ್ಣು ಅರ್ಧ ಮುಚ್ಚಿತ್ತು, ಕೈ ಮಾತ್ರ ಹಗ್ಗದ ಜತೆ ಹೋಗಿ ಬರುತ್ತಿತ್ತು. ಆ ಕೈಯ ಮೇಲೆ ಗಡಿಯಾರ ಒಂದೇ ಸಮನೆ ಹೆಜ್ಜೆ ಬರೆಯುತ್ತಿತ್ತು. ಅವಳು ಕೊಡ ಇಳಿಸುವುದನ್ನು ಮರೆತು ನೋಡಿದಳು. ಆಮೇಲೆ ಕೊಡ ಇಳಿಸಿ, ಹತ್ತಿರ ಹೋಗಿ, ಅದನ್ನು ಬಿಚ್ಚಿಕೊಂಡು ಕೊನೆಯ ತೊಟ್ಟಿಲಿನ ಸರಪಳಿಗೆ ಕಟ್ಟಿದಳು. ತೊಟ್ಟಿಲು ತೂಗಿತು, ಗಡಿಯಾರ ನಡೆಯಿತು. ಒಳಗೆ ಹಲ್ಲು ಬಾರದ ಕೂಸು ಹೆಬ್ಬೆರಳು ಚೀಪುತ್ತ ನಿದ್ದೆ ಮಾಡುತ್ತಲೇ ಗುಡ್ಡ ಹತ್ತಿತು, ಇಳಿಯಿತು. ನೀರಿನವಳು ಗಡಿಯಾರವನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡಳು, ತುಂಬಿದ ಕೊಡ ಎತ್ತಿ ತಲೆಯ ಮೇಲಿಟ್ಟಳು, ಅಂಗಳವನ್ನೆಲ್ಲ ಸುತ್ತಿದಳು. ಕೊಡ ಹಿಡಿದು ಕದಲದೆ ನಿಂತ ಕೈಯ ಮೇಲೆ ಗಡಿಯಾರ ಒಂದು ಹೆಜ್ಜೆಯನ್ನೂ ಬರೆಯಲಿಲ್ಲ.

‘ಅಯ್ಯೋ ಶಿವನೇ’ ಅಂದಳು. ನನ್ನ ಗಂಡ ನಡೆದೇ ಇಲ್ಲ. ಅವರು ಹೇಗಿದ್ದಾರೆ ಅಂತ ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮೊದಲು ಸಾರುವವನ ಹತ್ತಿರ ಓಡಿದಳು. ಅವನು ಎಲ್ಲವನ್ನೂ ಕೇಳಿದ. ‘ನೀನು ಬಾಯಿಂದ ಹೇಳ್ತಾ ಇದ್ದೀಯಮ್ಮ. ನಾನು ಓದುವುದು ಕೈಯನ್ನು’ ಅಂದ. ಗಾಜು ಬಳಲಿದ್ದಾನೆ ಅನ್ನದೆ ಅಜ್ಜಿಯನ್ನು ಕಳಿಸುವ ಹಾಗಿಲ್ಲ ಅಂದ. ಅಂಗಡಿಯವಳ ಹತ್ತಿರ ಓಡಿದಳು. ‘ಆ ಕಪ್ಪು ಗಾಜಿನದನ್ನು ಸಾಲ ಕೊಡಕ್ಕ, ಜೀವಮಾನವೆಲ್ಲ ನಿನ್ನ ಮನೆಗೆ ನೀರು ಹೊರುತ್ತೀನಿ.’ ಅಂಗಡಿಯವಳು ಮೊದಲ ಸಲ ದನಿ ತಗ್ಗಿಸಿದಳು. ‘ಕೊಟ್ಟೇನು ತಾಯಿ. ಆದರೆ ಅದನ್ನೂ ಕೈಗೇ ತಾನೇ ಕಟ್ಟೋದು? ಇನ್ನೂ ಚೆನ್ನಾಗಿ ನೋಡುತ್ತೆ, ಇಲ್ಲ ಅನ್ನಲ್ಲ. ಕೈ ಹೇಳದ್ದನ್ನು ಅದು ಎಲ್ಲಿಂದ ತರುತ್ತೆ?’

ಮಧ್ಯಾಹ್ನ ಅವಳು ತೊಟ್ಟಿಲ ಮನೆಗೆ ಬಂದಾಗ ತಾಯಂದಿರು ಕೂಸುಗಳಿಗೆ ಹಾಲೂಡಿಸಲು ಬಂದು ಕುಳಿತಿದ್ದರು. ಗಂಡ ಹಗ್ಗ ಬಿಟ್ಟು ಸುಮ್ಮನೆ ಕುಳಿತಿದ್ದ. ಅವನ ತುಟಿ ನೀಲಿಗಟ್ಟಿತ್ತು. ಅವನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.

‘ಹೇಗಿದ್ದೀರಿ?’ ಅಂದಳು.

ತಾಯಂದಿರು ಬೆಚ್ಚಿದರು. ಒಬ್ಬಳು ಕೂಸಿನ ಕಿವಿ ಮುಚ್ಚಿದಳು. ತೊಟ್ಟಿಲವನು ಹೆದರಿ ಬಾಗಿಲ ಕಡೆ ನೋಡಿದ, ಆಮೇಲೆ ರೂಢಿಯಂತೆ ಬಲಗೈ ಮುಂದೆ ಚಾಚಿದ. ಗಡಿಯಾರ ಇನ್ನೂ ಹೆಂಡತಿಯ ಕೈಯಲ್ಲಿಯೇ ಇತ್ತು. ಅವಳು ಆ ಬರಿಗೈಯನ್ನು ಹಿಡಿದು ಅವನ ತೊಡೆಯ ಮೇಲೆ ಇಟ್ಟಳು.

‘ಕೈಯನ್ನಲ್ಲ ರೀ. ನಿಮ್ಮನ್ನು ಕೇಳ್ತಿದ್ದೀನಿ.’

‘ನನಗೆ... ಗೊತ್ತಿಲ್ವಲ್ಲೇ’ ಅಂದ. ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಯಾರೂ ಕೇಳದ ಪ್ರಶ್ನೆಗೆ ಉತ್ತರ ಎಲ್ಲಿಂದ ತರಬೇಕು? ಅವಳು ಕಾದಳು. ಅವನು ಕಣ್ಣು ಮುಚ್ಚಿ, ಕತ್ತಲೆ ಕೋಣೆಯಲ್ಲಿ ಪಾತ್ರೆ ತಡಕುವವನಂತೆ, ತನ್ನೊಳಗೇ ತಡಕಿದ. ‘ಇಲ್ಲಿ, ಎಡಗಡೆ, ಭಾರ. ಯಾರೋ ಕಾಲಿಟ್ಟು ನಿಂತಿರೋ ಹಾಗೆ. ಮಲಗಿದರೆ ಉಸಿರು ಸಿಗಲ್ಲ ಕಣೇ. ಬಹಳ ದಿನ ಆಯ್ತು.’ ಆಮೇಲೆ ಹೇಳಿದ, ‘ನನಗೆ ಹೆದರಿಕೆಯಾಗಿದೆ.’

ಅಜ್ಜಿ ಇವರ ಮನೆಗೆ ಬರುವ ಹಾಗಿರಲಿಲ್ಲ. ಇವರು ಅಜ್ಜಿಯ ಮನೆಗೆ ಹೋಗಬಾರದು ಅಂತ ಯಾರೂ ಹೇಳಿರಲಿಲ್ಲ. ಏರಿಯ ಆ ತುದಿಯಲ್ಲಿ ಅವಳ ಗುಡಿಸಲು. ಬಿಚ್ಚಿ ಕಟ್ಟಿದಾಗಲೆಲ್ಲ ಆ ಗಡಿಯಾರ ಹೆಜ್ಜೆಯನ್ನು ಮೊದಲಿನಿಂದ ಬರೆಯುತ್ತಿತ್ತು. ನೀರಿನವಳು ಅದನ್ನು ಮತ್ತೆ ಅವನ ಕೈಗೆ ಕಟ್ಟಿ, ಆ ಕೈಯನ್ನು ತನ್ನ ಹೆಗಲ ಮೇಲೆ ಎಳೆದುಕೊಂಡಳು. ಹಾಲೂಡಿಸುತ್ತಿದ್ದ ತಾಯಿಯೊಬ್ಬಳು ಎದ್ದು ಬಂದು ಹಗ್ಗ ಹಿಡಿದಳು.

ಏರಿಯ ಮೇಲೆ ಅವರು ನಡೆದರು. ಅವನ ಬಲಗೈ ಅವಳ ಹೆಗಲ ಮೇಲೆ ಕದಲದೆ ಇತ್ತು. ಪ್ರತಿ ಮರದ ಬುಡದಲ್ಲೂ ಅವಳು ನಿಲ್ಲಿಸಿ ‘ಈಗ ಹೇಗಿದ್ದೀರಿ?’ ಅಂತ ಕೇಳಿದಳು. ಬೀದಿಯ ಜನ ಕದದ ಸಂದಿಯಿಂದ ನೋಡುತ್ತಿದ್ದರು, ಅವರಿಗೆ ಕೇಳಿಸಲಿ ಅಂತಲೇ ಜೋರಾಗಿ ಕೇಳಿದಳು. ಅವನು ‘ಕೂರಬೇಕು’ ಅಂದರೆ ಕೂರುತ್ತಿದ್ದರು. ‘ಏಳೋಣ’ ಅಂದರೆ ಏಳುತ್ತಿದ್ದರು. ಹಾಗೆ ಕುಳಿತಿದ್ದಾಗ ಒಮ್ಮೆ ಅವನು ಹೆಂಡತಿಯ ಮುಖವನ್ನು ಸುಮ್ಮನೆ ನೋಡುತ್ತ ಇದ್ದ.

‘ನೀನು ಹೇಗಿದ್ದೀಯೇ?’ ಅಂದ.

‘ಕತ್ತು ನೋಯುತ್ತೆ’ ಅಂದಳು. ಅಷ್ಟು ಅಂದದ್ದೇ ತಡ, ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಗಂಡ ಊದಿದ ಕಾಲು ಚಾಚಿ ಕುಳಿತು, ಅವಳ ಕತ್ತಿನ ಮೇಲೆ ಕೈಯಿಟ್ಟುಕೊಂಡು, ಅವಳು ಅತ್ತು ಮುಗಿಸುವವರೆಗೆ ಕಾದ.

ಮದ್ದಿನಜ್ಜಿ ಬಾಗಿಲಲ್ಲಿ ಇವರನ್ನು ನೋಡಿ ಮೊದಲು ಗಾಜು ನೋಡಲು ಬಗ್ಗಿದಳು. ನೀರಿನವಳು ಅದರ ಮೇಲೆ ಅಂಗೈ ಮುಚ್ಚಿ, ‘ಅವರೇ ಹೇಳ್ತಾರಜ್ಜಿ’ ಅಂದಳು. ಅವನು ಹೇಳಿದ. ಎಡಗಡೆಯ ಭಾರ ಹೇಳಿದ, ಉಸಿರಿನದು ಹೇಳಿದ, ಹೆದರಿಕೆಯನ್ನೂ ಬಿಡಲಿಲ್ಲ. ಅಜ್ಜಿ ಅವನ ಎದೆಗೆ ಕಿವಿಯಿಟ್ಟಳು. ಬಹಳ ಹೊತ್ತು ಇಟ್ಟಳು. ಎದ್ದಾಗ ಅವಳ ಮುಖದಲ್ಲಿ ನಾಚಿಕೆಯಿತ್ತು.

‘ಗಾಜು ನೋಡಿ ನೋಡಿ ನನ್ನ ಕಿವಿಗೆ ತುಕ್ಕು ಹಿಡಿದಿತ್ತು’ ಅಂದಳು. ಕಹಿ ಕಷಾಯ ಕಾಸಿ ಕುಡಿಸಿದಳು, ಬೇರು ಕಟ್ಟಿ ಕೊಟ್ಟಳು. ‘ಉಳೀತಾನೆ. ಒಂದೇ ಸಲಕ್ಕೆ ಗುಡ್ಡಗಿಡ್ಡ ಬೇಡ, ಏರಿಯ ಮೇಲೆ ನಡೆಯಲಿ, ಸಾಕು ಅನ್ನಿಸಿದ ಕಡೆ ಕೂರಲಿ. ಸಾಕಾಯ್ತಾ ಅಂತ ನೀನು ಕೇಳು. ಅವನು ಹೇಳಲಿ. ಕೇಳೋದು ಬಿಟ್ಟರೆ ನನ್ನ ಮದ್ದು ಹತ್ತಲ್ಲ ನೋಡು.’

ಸಂಜೆ ಸಾರುವವನು ಬಂದ. ಹೊಸ್ತಿಲಲ್ಲಿ ಕುಳಿತಿದ್ದ ತೊಟ್ಟಿಲವನ ಕೈ ಹಿಡಿದು ಗಾಜು ನೋಡಿದ. ಎಷ್ಟೋ ದಿನಗಳ ಮೇಲೆ ಆ ಮನುಷ್ಯ ಕೆರೆ ಏರಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದಿದ್ದ. ‘ಕುಳಿತಿದ್ದಾನೆ’ ಅಂತ ಸಾರುವವನು ಸಾರಿದ. ತೊಟ್ಟಿಲವನು ತಲೆ ತಗ್ಗಿಸಲಿಲ್ಲ.

ಆಮೇಲೆ ಸಾರುವವನು ಬೀದಿಗೆ ತಿರುಗಿದ. ‘ಕೇಳಬಾರದ್ದನ್ನು ಕೇಳಿದ ಮನೆ ಇದು, ಹೇಳಬಾರದ್ದನ್ನು ಹೇಳಿದ ಮನೆ. ನಾಳೆಯಿಂದ ಈ ಹೊಸ್ತಿಲಲ್ಲಿ ನಾನು ನಿಲ್ಲುವುದಿಲ್ಲ. ಇವರ ಕೈ ಮೂಗ ಕೈ.’ ಇಬ್ಬರ ಗಡಿಯಾರವನ್ನೂ ತಾನೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ಬೀದಿಯ ಕದಗಳು ಒಂದೊಂದಾಗಿ ಮುಚ್ಚಿದವು. ನೀರಿನವಳು ಬರಿಯ ಮಣಿಕಟ್ಟು ಉಜ್ಜಿಕೊಂಡಳು. ಗಂಡ ಪಕ್ಕದಲ್ಲಿ ಉಸಿರಾಡುತ್ತಿದ್ದ, ಅದು ಅವಳಿಗೆ ಕೇಳಿಸುತ್ತಿತ್ತು.

ಸಾರುವವನು ಹೋಗಲಿಲ್ಲ. ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದ. ನಾಲ್ಕು ಹೆಜ್ಜೆ ಹೋದವನು ವಾಪಸು ಬಂದ.

‘ಇನ್ನೇನಪ್ಪ?’ ಅಂದಳು ನೀರಿನವಳು, ಸ್ವಲ್ಪ ಬಿರುಸಾಗಿಯೇ.

ಅವನು ಬೀದಿಯ ಎರಡೂ ತುದಿಯನ್ನು ನೋಡಿದ. ಗುಡ್ಡಕ್ಕೆ ಕೇಳುವಂತೆ ಕೂಗುತ್ತಿದ್ದವನು ಈಗ ಮಾತಾಡಿದ್ದು ಅವಳಿಗೂ ಸರಿಯಾಗಿ ಕೇಳಿಸಲಿಲ್ಲ, ಅವಳು ಮುಂದೆ ಬಾಗಬೇಕಾಯಿತು.

‘ಊರಿನ ಕೈಯೆಲ್ಲ ನಾನು ಓದುತ್ತೀನಮ್ಮ. ನನ್ನ ಕೈ ಓದುವವರು ಯಾರೂ ಇಲ್ಲ’ ಅಂದ. ‘ನನ್ನನ್ನೂ ಒಂದು ಸಲ ಕೇಳು.’

ನೀರಿನವಳು ಅವನನ್ನು ನೋಡಿದಳು. ಅವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ.

‘ಹೇಗಿದ್ದೀಯಪ್ಪ?’ ಅಂದಳು.

ಸಾರುವವನು ಬಾಯಿ ತೆರೆದ. ಅಷ್ಟು ದೊಡ್ಡ ಗಂಟಲಿನಿಂದ ಒಂದು ದನಿಯೂ ಹೊರಡಲಿಲ್ಲ. ತೊಟ್ಟಿಲವನು ಹೊಸ್ತಿಲ ಮೇಲೆ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟ.